ಜ್ಯಾನಿಸ್ ಜಾಪ್ಲಿನ್ ಅವರ ‘ಪರ್ಲ್’: ಹತ್ತು ಹಾಡು ಸಾಕೇ, ಇಪ್ಪತ್ತೊಂಬತ್ತು ಬೇಕೇ?

ಪ್ರಶ್ನೆ: ಕಾಲೇಜಿನ ದಿನಗಳಲ್ಲಿ ಗೆಳೆಯನೊಬ್ಬ ಕೊಟ್ಟಿದ್ದ ಕ್ಯಾಸೆಟ್‌ನಲ್ಲಿ ಅಮೆರಿಕದ ರಾಕ್ ಗಾಯಕಿ ಜ್ಯಾನಿಸ್ ಜಾಪ್ಲಿನ್ ಅವರ ‘ಪರ್ಲ್’ ಆಲ್ಬಂ ಕೇಳುತ್ತಿದ್ದೆ. ಅದರಲ್ಲಿದ್ದದ್ದು ಹತ್ತೇ ಹಾಡು. ಒಂದರಲ್ಲಂತೂ ಹಾಡುಗಾರಿಕೆಯೇ ಇರಲಿಲ್ಲ. ಟೇಪ್ ಕೆಟ್ಟಿರಬೇಕು ಎಂದುಕೊಂಡು ಸುಮ್ಮನಾಗಿದ್ದೆ. ಈಗ ಮಗಳು ಫೋನಿನಲ್ಲಿ ಹುಡುಕಿಕೊಟ್ಟರೆ ಅದೇ ಆಲ್ಬಂ ಹತ್ತು, ಹದಿನಾಲ್ಕು, ಇಪ್ಪತ್ತೊಂಬತ್ತು ಹಾಡುಗಳಾಗಿ ಬೇರೆ ಬೇರೆ ರೂಪದಲ್ಲಿ ಕಾಣಿಸುತ್ತಿದೆ. ಇವುಗಳಲ್ಲಿ ನಿಜವಾದ ‘ಪರ್ಲ್’ ಯಾವುದು? ಗಾಯಕಿ ತೀರಿಕೊಂಡ ಮೇಲೆ ಹೀಗೆ ಸೇರಿಸುತ್ತ ಹೋಗುವುದು ಸರಿಯೇ? ನಮ್ಮ ಧಾರವಾಡದಲ್ಲಿ ರಿಯಾಜ್ ಕೇಳುವುದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಹಳೆಯ ಕ್ಯಾಸೆಟ್ ಇನ್ನೂ ಇದೆ, ಎಸೆದುಬಿಡಲೇ?

ಉತ್ತರ: ಮೊದಲು ನಿಮ್ಮ ಕ್ಯಾಸೆಟ್‌ನ ಮೇಲಿರುವ ಅಪವಾದವನ್ನು ತೊಡೆದುಹಾಕೋಣ. ಟೇಪ್ ಕೆಟ್ಟಿರಲಿಲ್ಲ. ‘ಬರೀಡ್ ಅಲೈವ್ ಇನ್ ದ ಬ್ಲೂಸ್’ ಎಂಬ ಆ ಹಾಡಿನಲ್ಲಿ ದನಿಯಿಲ್ಲ, ಏಕೆಂದರೆ ಅದನ್ನು ಹಾಡಬೇಕಾಗಿದ್ದ ದಿನ ಗಾಯಕಿ ಸ್ಟುಡಿಯೊಗೆ ಬರಲಿಲ್ಲ. 1970ರ ಅಕ್ಟೋಬರ್ 3ರ ಶನಿವಾರ ಜ್ಯಾನಿಸ್ ಅವರು ಲಾಸ್ ಏಂಜಲೀಸ್‌ನ ಸನ್‌ಸೆಟ್ ಸೌಂಡ್ ಸ್ಟುಡಿಯೊದಲ್ಲಿ ಕುಳಿತು, ತಮ್ಮ ವಾದ್ಯತಂಡದವರು ಆ ಹಾಡಿಗೆ ನುಡಿಸಿಟ್ಟಿದ್ದನ್ನು ಕೇಳಿದ್ದರು. ಮರುದಿನ ಅದರ ಮೇಲೆ ತಮ್ಮ ದನಿಯನ್ನು ಸೇರಿಸುವುದೆಂದು ನಿಶ್ಚಯವಾಗಿತ್ತು. ಭಾನುವಾರ ಎಷ್ಟು ಹೊತ್ತಾದರೂ ಬಾರದಿದ್ದಾಗ, ಅವರ ಪ್ರವಾಸಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಜಾನ್ ಕುಕ್ ಅವರು ಹಾಲಿವುಡ್‌ನ ಲ್ಯಾಂಡ್‌ಮಾರ್ಕ್ ಮೋಟರ್ ಹೋಟೆಲಿಗೆ ಹೋಗಿ ಕೋಣೆಯ ಬಾಗಿಲು ತೆಗೆಸಿ ನೋಡಿದರೆ ಜ್ಯಾನಿಸ್ ಆಗಲೇ ತೀರಿಕೊಂಡಿದ್ದರು. ಹೆರಾಯಿನ್ ಮಿತಿಮೀರಿದ್ದು ಸಾವಿಗೆ ಕಾರಣವಾಗಿತ್ತು. ವಯಸ್ಸು 27. ಹದಿನಾರು ದಿನಗಳ ಹಿಂದಷ್ಟೇ, ಈ ಧ್ವನಿಮುದ್ರಣ ನಡೆಯುತ್ತಿದ್ದಾಗಲೇ, ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅದೇ ವಯಸ್ಸಿನಲ್ಲಿ ಲಂಡನ್ನಿನಲ್ಲಿ ಸತ್ತಿದ್ದರು.

ಆಲ್ಬಂನ ನಿರ್ಮಾಪಕ ಪಾಲ್ ರಾಥ್‌ಚೈಲ್ಡ್, ‘ದ ಡೋರ್ಸ್’ ತಂಡದ ಆಲ್ಬಂಗಳನ್ನು ರೂಪಿಸಿ ಹೆಸರು ಮಾಡಿದ್ದವರು. ಜ್ಯಾನಿಸ್ ಸತ್ತ ಮೇಲೆ ಅವರೂ ವಾದ್ಯತಂಡದವರೂ ಕೆಲಸವನ್ನು ಬಿಟ್ಟುಹೋಗದೆ ಉಳಿದದ್ದನ್ನು ಮುಗಿಸಿದರು. ಆದರೆ ಈ ಒಂದು ಹಾಡನ್ನು ಏನು ಮಾಡುವುದು? ಅದನ್ನು ಬರೆದ ನಿಕ್ ಗ್ರೆವನೈಟಿಸ್ ಅವರೇ ಹಾಡಿ ತುಂಬಲಿ ಎಂಬ ಮಾತು ಬಂತು, ಅವರು ಒಪ್ಪಲಿಲ್ಲ. ಕೈಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಾಗೆ ಮಾಡದೆ, ವಾದ್ಯಗಳು ನುಡಿಸಿದಷ್ಟನ್ನೇ, ಸುಮಾರು ಎರಡೂವರೆ ನಿಮಿಷದ ಆ ಖಾಲಿ ಜಾಗವನ್ನು ಇದ್ದ ಹಾಗೆಯೇ ಇಟ್ಟರು. ಶೀರ್ಷಿಕೆಯ ಅರ್ಥ ‘ಬ್ಲೂಸ್‌ನೊಳಗೆ (ದುಃಖ ತೋಡಿಕೊಳ್ಳುವ ಹಾಡಿನ ಪ್ರಕಾರದೊಳಗೆ) ಜೀವಂತ ಸಮಾಧಿ’ ಎಂಬುದು ಕಾಕತಾಳೀಯ. ಕಥೆಗಾರನೊಬ್ಬ ಹೀಗೆ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಈ ಹಾಡು ಎಲ್ಲಿ ಕುಳಿತಿದೆ ಎಂಬುದನ್ನೂ ಗಮನಿಸಬೇಕು. ಎಲ್‌ಪಿಯಲ್ಲಿ, ಅಂದರೆ ಎರಡು ಬದಿಯ ಗ್ರಾಮಫೋನ್ ತಟ್ಟೆಯಲ್ಲಿ, ಅದು ಮೊದಲ ಬದಿಯ ಕೊನೆಯದು. ‘ಮೂವ್ ಓವರ್’, ‘ಕ್ರೈ ಬೇಬಿ’, ‘ಎ ವುಮನ್ ಲೆಫ್ಟ್ ಲೋನ್ಲಿ’, ‘ಹಾಫ್ ಮೂನ್’ ಎಂಬ ನಾಲ್ಕು ಹಾಡುಗಳಲ್ಲಿ ಆ ದನಿ ಕಿವಿಯನ್ನು ತುಂಬಿದ ಮೇಲೆ ಐದನೆಯದು ಶುರುವಾಗುತ್ತದೆ. ಗಿಟಾರ್, ಪಿಯಾನೊ, ಆರ್ಗನ್ ಎಲ್ಲ ಹುರುಪಿನಿಂದ ನುಡಿಯುತ್ತಿವೆ, ಇನ್ನೇನು ದನಿ ಬರಬೇಕು, ಬರುವುದಿಲ್ಲ. ಹಾಡು ಮುಗಿಯುತ್ತದೆ, ಸೂಜಿ ಮೇಲೇಳುತ್ತದೆ, ಕೇಳುವವರು ಎದ್ದುಹೋಗಿ ತಟ್ಟೆಯನ್ನು ತಿರುವಿ ಹಾಕಬೇಕು. ಆ ನಡುವಿನ ನಿಶ್ಶಬ್ದವೂ ಆಲ್ಬಂನ ಭಾಗವೇ ಎಂದು ನಾನು ತಿಳಿದಿದ್ದೇನೆ. ಸಿ.ಡಿ.ಯಲ್ಲಿ, ಫೋನಿನಲ್ಲಿ ಅದು ಇಲ್ಲ. ಮರುಕ್ಷಣವೇ ‘ಮೈ ಬೇಬಿ’ ತೊಡಗಿಬಿಡುತ್ತದೆ.

ಇನ್ನು ನಿಜವಾದ ‘ಪರ್ಲ್’ ಯಾವುದೆಂಬ ಪ್ರಶ್ನೆ. 1971ರ ಜನವರಿ 11ರಂದು ಕೊಲಂಬಿಯಾ ಕಂಪನಿ ಹೊರತಂದ ಹತ್ತು ಹಾಡುಗಳ, ಮೂವತ್ತನಾಲ್ಕು ನಿಮಿಷದ ಆಲ್ಬಂ ಅದು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಅದರೊಳಗಿನ ‘ಮಿ ಅಂಡ್ ಬಾಬಿ ಮೆಗೀ’ ಆ ಮಾರ್ಚ್‌ನಲ್ಲಿ ಸಿಂಗಲ್‌ಗಳ, ಅಂದರೆ ಬಿಡಿಯಾಗಿ ಹೊರತಂದ ಹಾಡುಗಳ, ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೇರಿತು. ಗಾಯಕರು ಸತ್ತ ಬಳಿಕ ಆ ಸ್ಥಾನಕ್ಕೇರಿದ ಹಾಡು ಅದಕ್ಕೂ ಮೊದಲು ಒಂದೇ ಒಂದಿತ್ತು, 1968ರಲ್ಲಿ ಗಾಯಕ ಓಟಿಸ್ ರೆಡ್ಡಿಂಗ್ ಅವರದು. ‘ಪರ್ಲ್’, ಅಂದರೆ ಮುತ್ತು, ಎಂಬುದು ಜ್ಯಾನಿಸ್ ತಮಗೆ ತಾವೇ ಇಟ್ಟುಕೊಂಡಿದ್ದ ಅಡ್ಡಹೆಸರು.

ಆದರೂ ಒಂದು ಮಾತನ್ನು ಶುದ್ಧಿವಾದಿಗಳು ಮರೆಯುತ್ತಾರೆ. ಈ ಹತ್ತು ಹಾಡುಗಳ ಆಲ್ಬಂ ಕೂಡ ಮರಣೋತ್ತರ ಸಂಪಾದನೆಯೇ. ಪೂರ್ತಿಯಾದ ಆಲ್ಬಂ ಜ್ಯಾನಿಸ್ ಕಿವಿಗೆ ಬೀಳಲೇ ಇಲ್ಲ. ವಾದ್ಯದ ಸದ್ದೇ ಇಲ್ಲದ ‘ಮರ್ಸಿಡಿಸ್ ಬೆಂಜ್’ ಹಾಡನ್ನು ಅವರು ಅಕ್ಟೋಬರ್ 1ರಂದು, ಸಾಯುವ ಮೂರು ದಿನ ಮೊದಲು, ಒಂದೇ ಟೇಕ್‌ನಲ್ಲಿ, ಅಂದರೆ ಒಂದೇ ಸಲದ ಮುದ್ರಣದಲ್ಲಿ, ಹಾಡಿದ್ದರು. ಆಗಸ್ಟ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಪೋರ್ಟ್ ಚೆಸ್ಟರ್ ಎಂಬ ಊರಿನಲ್ಲಿ ಕಾರ್ಯಕ್ರಮಕ್ಕೆ ಮೊದಲು ಬಾರೊಂದರಲ್ಲಿ ಕುಳಿತು, ಕವಿ ಮೈಕೆಲ್ ಮೆಕ್ಲೂರ್ ಅವರ ಸಾಲೊಂದನ್ನು ಹಿಡಿದುಕೊಂಡು ಗೆಳೆಯ ಬಾಬ್ ನ್ಯೂವರ್ತ್ ಜೊತೆ ಕಟ್ಟಿದ ಹಾಡು. ಅದೇ ರಾತ್ರಿ ವೇದಿಕೆಯ ಮೇಲೆ ಹಾಡಿಯೂಬಿಟ್ಟಿದ್ದರು. ಸಾಮಾಜಿಕ, ರಾಜಕೀಯ ಮಹತ್ವದ ಗೀತೆಯೊಂದನ್ನು ಹಾಡುತ್ತೇನೆ ಎಂದು ಗಂಭೀರವಾಗಿ ಘೋಷಿಸಿ, ದೇವರಲ್ಲಿ ಕಾರು, ಬಣ್ಣದ ಟಿ.ವಿ. ಬೇಡುತ್ತ ಹೋಗಿ, ಕೊನೆಗೆ ಅಷ್ಟೇ ಎಂದು ಕಿಸಕ್ಕನೆ ನಗುತ್ತಾರೆ. ಬದುಕಿದ್ದಿದ್ದರೆ ಅದಕ್ಕೆ ಗಿಟಾರ್, ಡ್ರಮ್ ಸೇರುತ್ತಿದ್ದವೇ, ಆ ನಗು ಉಳಿಯುತ್ತಿತ್ತೇ, ಹೇಳಬಲ್ಲವರು ಅವರೊಬ್ಬರೇ ಆಗಿದ್ದರು. ಆದ್ದರಿಂದ ಮೂಲ ಆಲ್ಬಂ ಕಲಾವಿದೆಯ ಅಂತಿಮ ಇಚ್ಛೆ, ಉಳಿದವೆಲ್ಲ ವ್ಯಾಪಾರ ಎಂದು ಗೆರೆ ಎಳೆದುಬಿಡುವುದು ಸರಿಯಲ್ಲ. ಇರುವ ವ್ಯತ್ಯಾಸ ಬೇರೆಯದು: ಮೊದಲ ಸಂಪಾದನೆಯನ್ನು ಮಾಡಿದವರು ಆ ಒಂದು ತಿಂಗಳು ಅವರ ಎದುರಿಗೇ ಕುಳಿತಿದ್ದವರು; ಮುಂದಿನವುಗಳನ್ನು ಮಾಡಿದವರು ಭಂಡಾರದ ಪೆಟ್ಟಿಗೆಗಳನ್ನು ತೆರೆದವರು. ಇಬ್ಬರಿಗೂ ಅಧಿಕಾರವಿದೆ, ಒಂದೇ ತೂಕದ್ದಲ್ಲ.

ನಮ್ಮ ಗ್ರಂಥಸಂಪಾದನೆಯಲ್ಲಿ ಪಾಠಾಂತರ ಎಂಬ ಮಾತಿದೆಯಲ್ಲ, ಈ ಹೆಚ್ಚುವರಿ ಟೇಕ್‌ಗಳಿಗೆ ಅದಕ್ಕಿಂತ ಒಳ್ಳೆಯ ಹೆಸರು ನನಗೆ ತೋಚಿಲ್ಲ. ಹಳಗನ್ನಡ ಕಾವ್ಯವೊಂದರ ಬೇರೆ ಬೇರೆ ಓಲೆಪ್ರತಿಗಳಲ್ಲಿ ಸಿಕ್ಕ ಬೇರೆ ಪಾಠಗಳನ್ನು ಸಂಪಾದಕರು ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಕೊಡುತ್ತಾರೆ; ಪದ್ಯದ ನಡುವೆ ತುರುಕುವುದಿಲ್ಲ. ‘ಪರ್ಲ್’ನ ಮರುಬಿಡುಗಡೆಗಳಲ್ಲಿ ನನ್ನ ತಕರಾರು ಇರುವುದು ಇಲ್ಲಿಯೇ. ಪಾಠಾಂತರಗಳು ಬೆಲೆಬಾಳುವಂಥವು, ಆದರೆ ಅವುಗಳನ್ನು ಇಟ್ಟಿರುವ ಜಾಗ ಸರಿಯಾಗಿಲ್ಲ.

1999ರಲ್ಲಿ ಬಂದದ್ದು ನಿಮ್ಮ ಮಗಳಿಗೆ ಸಿಕ್ಕಿರುವ ಹದಿನಾಲ್ಕರ ಆವೃತ್ತಿ. ಹತ್ತರ ಹಿಂದೆ, 1970ರ ಜುಲೈ 4ರಂದು ಕೆನಡಾದ ಕ್ಯಾಲ್ಗರಿಯಲ್ಲಿ ವೇದಿಕೆಯ ಮೇಲೆ ಹಾಡಿದ ನಾಲ್ಕು ಹಾಡುಗಳನ್ನು ಸೇರಿಸಿದ್ದಾರೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಆ ನಾಲ್ಕು ಹಾಡುಗಳೂ ಮುಂದಿನದರಲ್ಲಿ ಬಂದಿವೆ. 2005ರ ‘ಲೆಗಸಿ ಎಡಿಷನ್’ ಎರಡು ತಟ್ಟೆಗಳದು: ಮೊದಲನೆಯದರಲ್ಲಿ ಹತ್ತು ಹಾಡುಗಳು ಮತ್ತು ಆರು ಹೆಚ್ಚುವರಿ ತುಣುಕುಗಳು, ಎರಡನೆಯದರಲ್ಲಿ ಕೆನಡಾದ ಹದಿಮೂರು ಲೈವ್ ಹಾಡುಗಳು. ನೀವು ಹೇಳುವ ಇಪ್ಪತ್ತೊಂಬತ್ತು ಇವೇ. 2012ರಲ್ಲಿ ‘ದ ಪರ್ಲ್ ಸೆಷನ್ಸ್’ ಎಂಬ ಮತ್ತೊಂದು ಜೋಡಿ ತಟ್ಟೆ ಬಂತು. ನಿಮ್ಮ ಪಟ್ಟಿಯಲ್ಲಿ ಅದು ಇಲ್ಲ, ಇರಬೇಕಾಗಿತ್ತು.

ಲೆಗಸಿ ಆವೃತ್ತಿಯ ಮೊದಲ ತಟ್ಟೆಯನ್ನು ಒಮ್ಮೆ ತಡೆಯದೆ ಕೇಳಿದರೆ ನನ್ನ ತಕರಾರು ಏನೆಂಬುದು ನಿಮ್ಮ ಕಿವಿಗೇ ತಿಳಿಯುತ್ತದೆ. ಹತ್ತನೆಯ ಹಾಡು ‘ಗೆಟ್ ಇಟ್ ವೈಲ್ ಯು ಕ್ಯಾನ್’. ನಾಳೆ ಇರುತ್ತೇವೋ ಇಲ್ಲವೋ, ಸಿಕ್ಕ ಪ್ರೀತಿಯನ್ನು ಸಿಕ್ಕಾಗಲೇ ತೆಗೆದುಕೋ ಎಂಬ ಅರ್ಥದ ಹಾಡು; ಹಾಡಿದವರ ಗತಿ ತಿಳಿದು ಕೇಳುವಾಗ ಅದರ ಕೊನೆಯಲ್ಲಿ ಎರಡು ನಿಮಿಷ ಸುಮ್ಮನೆ ಕುಳಿತುಕೊಳ್ಳಬೇಕೆನಿಸುತ್ತದೆ. ಅದು ಮುಗಿದ ಕೂಡಲೇ ಬರುವುದೇನು? ‘ಬೀಟಲ್ಸ್’ ತಂಡದ ಜಾನ್ ಲೆನನ್ ಅವರ ಮೂವತ್ತನೆಯ ಹುಟ್ಟುಹಬ್ಬಕ್ಕೆಂದು ಜ್ಯಾನಿಸ್ ಮತ್ತು ತಂಡದವರು ಹರಟುತ್ತ ನಗುತ್ತ ಹಾಡಿ ಕಳಿಸಿದ ತಮಾಷೆಯ ಶುಭಾಶಯ. ಕಛೇರಿಯ ಕೊನೆಗೆ ಭೈರವಿ ಹಾಡಿ ಕಣ್ಣು ಮುಚ್ಚಿ ಕುಳಿತ ಗಾಯಕರ ಪಕ್ಕದಲ್ಲಿ ಯಾರೋ ಚಹಾದ ಲೋಟ ಜೋಡಿಸಲು ತೊಡಗಿದ ಹಾಗೆ. ಆ ಟೇಪ್ ತಮ್ಮ ಕೈಸೇರುವ ಹೊತ್ತಿಗೆ ಆಕೆ ಸತ್ತಿದ್ದರೆಂದು ಲೆನನ್ ಮುಂದೆ ಟಿ.ವಿ. ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ದಾಖಲೆಯಾಗಿ ಅದು ಮನ ಕಲಕುವಂಥದು. ಇಟ್ಟಿರುವ ಜಾಗದಲ್ಲಿ ಅಪಶ್ರುತಿ.

ಆದರೆ ಅದೇ ತಟ್ಟೆಯಲ್ಲಿರುವ ‘ಮಿ ಅಂಡ್ ಬಾಬಿ ಮೆಗೀ’ ಹಾಡಿನ ಡೆಮೊಗಾಗಿ, ಅಂದರೆ ಮೊದಲ ಕರಡು ಮುದ್ರಣಕ್ಕಾಗಿ, ಈ ಇಡೀ ಆವೃತ್ತಿಯನ್ನು ಕ್ಷಮಿಸಬಹುದು. ಹಾಡು ಬರೆದವರು ಕ್ರಿಸ್ ಕ್ರಿಸ್ಟಾಫರ್ಸನ್, ಜೊತೆಗೆ ಫ್ರೆಡ್ ಫಾಸ್ಟರ್ ಅವರ ಹೆಸರೂ ಇದೆ. ಮೊದಲು ಹಾಡಿ ಮುದ್ರಿಸಿದವರು ರಾಜರ್ ಮಿಲ್ಲರ್, 1969ರಲ್ಲಿ. ಮೂಲದಲ್ಲಿ ಬಾಬಿ ಹೆಣ್ಣು, ಹಾಡುವವನು ಗಂಡು. ಜ್ಯಾನಿಸ್ ಬಾಬಿಯನ್ನು ಗಂಡಾಗಿಸಿಕೊಂಡರು. ಡೆಮೊದಲ್ಲಿ ದನಿಯ ಜೊತೆಗಿರುವುದು ಹೆಚ್ಚು ಕಡಿಮೆ ಒಂದು ಗಿಟಾರ್ ಮಾತ್ರ. ಜಾನಪದ ಗೀತೆಗಳನ್ನು ಹಾಡಿಕೊಂಡು ಬೆಳೆದ ಟೆಕ್ಸಸ್ಸಿನ ಹುಡುಗಿ, ಪೋರ್ಟ್ ಆರ್ಥರ್ ಎಂಬ ಎಣ್ಣೆ ಕಾರ್ಖಾನೆಗಳ ಊರಿನವಳು, ಹಾಡನ್ನು ಬಾಯಲ್ಲಿ ಹೊರಳಿಸಿ ರುಚಿ ನೋಡುತ್ತಿದ್ದಾಳೆ. ಇದನ್ನು ಕೇಳಿ ಕೂಡಲೇ ಆಲ್ಬಂನ ರೂಪವನ್ನು ಹಾಕಿ. ಅಲ್ಲಿಯೂ ಆರಂಭ ಹಾಗೆಯೇ, ಒಂಟಿ ಗಿಟಾರಿನ ಮೇಲೆ, ಮೆಲ್ಲಗೆ, ಕಥೆ ಹೇಳಿದಂತೆ. ಆಮೇಲೆ ವಾದ್ಯಗಳು ಒಂದೊಂದಾಗಿ ಒಳಬರುತ್ತವೆ. ನಡುವೆ ಇಡೀ ಹಾಡು ಶ್ರುತಿಯಲ್ಲಿ ಒಂದು ಮೆಟ್ಟಿಲು ಮೇಲಕ್ಕೆ, ಜಿ ಇಂದ ಎ ಗೆ, ಸರಿಯುತ್ತದೆ. ಕೊನೆಯ ಭಾಗದಲ್ಲಿ ಮಾತುಗಳೆಲ್ಲ ತೀರಿ ಬರೀ ‘ಲ ಲ ಲ’ ಉಳಿದಾಗ ಆರ್ಗನ್ ಮತ್ತು ಪಿಯಾನೊ ಓಟಕ್ಕಿಳಿಯುತ್ತವೆ. ನಾಲ್ಕೂವರೆ ನಿಮಿಷದಲ್ಲಿ ಮನೆಯ ಜಗಲಿಯಿಂದ ಹೆದ್ದಾರಿಗೆ ಬಂದಿರುತ್ತೇವೆ. ಡೆಮೊ ಕೇಳದಿದ್ದರೆ ಆ ಹೆದ್ದಾರಿ ತಾನಾಗಿ ಹುಟ್ಟಿತೆಂದು ನಂಬಿಬಿಡುತ್ತೇವೆ. ಕೇಳಿದಾಗ ಅದನ್ನು ಅಳೆದು ಕಟ್ಟಿದ್ದಾರೆಂಬುದು ತಿಳಿಯುತ್ತದೆ. ಜ್ಯಾನಿಸ್ ಈ ಹಾಡನ್ನು ಹಾಡಿದ್ದಾರೆಂಬುದು ಕ್ರಿಸ್ಟಾಫರ್ಸನ್ ಅವರಿಗೆ ತಿಳಿದದ್ದು ಆಕೆ ಸತ್ತ ಮೇಲೆ.

ಈ ವಿಸ್ತೃತ ಆವೃತ್ತಿಗಳನ್ನು ನಾನು ಸಮರ್ಥಿಸುವುದಕ್ಕೆ ಮುಖ್ಯ ಕಾರಣವೇ ಇದು. ಜ್ಯಾನಿಸ್ ಎಂದರೆ ಕುಡಿದು, ಕೂಗಿ, ಗಂಟಲು ಹರಿದುಕೊಂಡು ಹಾಡಿದವಳು, ಅದೊಂದು ಪ್ರಕೃತಿಸಹಜ ಆವೇಶ ಎಂಬ ಚಿತ್ರ ಐವತ್ತು ವರ್ಷಗಳಿಂದ ಗಟ್ಟಿಯಾಗಿ ನಿಂತಿದೆ. ಮುಖಪುಟದ ಬ್ಯಾರಿ ಫೈನ್‌ಸ್ಟೈನ್ ಅವರ ಚಿತ್ರವೂ, ಹಳೆಯ ಕಾಲದ ಸೋಫಾದ ಮೇಲೆ ಬಣ್ಣಬಣ್ಣದ ಉಡುಪಿನಲ್ಲಿ ಕೈಯಲ್ಲಿ ಲೋಟ ಹಿಡಿದು ನಗುತ್ತಿರುವ ಆಕೆ, ಅದನ್ನೇ ಪೋಷಿಸಿತು. ‘ದ ಪರ್ಲ್ ಸೆಷನ್ಸ್’ ಈ ಚಿತ್ರವನ್ನು ಅಲುಗಾಡಿಸುತ್ತದೆ. ಅದರಲ್ಲಿ ಅವರೇ ಬರೆದ ‘ಮೂವ್ ಓವರ್’ ಹಾಡಿನ ಮೂರು ಟೇಕ್‌ಗಳಿವೆ, ಆರನೆಯದು, ಹದಿಮೂರನೆಯದು, ಹದಿನೇಳನೆಯದು. ಸಂಖ್ಯೆಗಳನ್ನೇ ನೋಡಿ: ಆವೇಶದಲ್ಲಿ ಹಾಡುವವರು ಹದಿನೇಳನೆಯ ಟೇಕ್‌ವರೆಗೆ ಹೋಗುವುದಿಲ್ಲ. ಟೇಕ್‌ಗಳ ನಡುವೆ ಸ್ಟುಡಿಯೊದಲ್ಲಿ ಆಡಿದ ಮಾತುಗಳನ್ನೂ ಅಲ್ಲಲ್ಲಿ ಉಳಿಸಿದ್ದಾರೆ. ನಿರ್ಮಾಪಕರೊಂದಿಗೆ, ವಾದಕರೊಂದಿಗೆ ಆಕೆ ಆಡುವ ಧಾಟಿ ಕೆಲಸ ಬಲ್ಲವರದು. ಯಾವ ಕಿರುಚನ್ನು ಎಲ್ಲಿ ಇಡಬೇಕು, ಎಲ್ಲಿ ದನಿಯನ್ನು ಒಡೆಯಬೇಕು, ಎಲ್ಲಿ ಪಿಸುಗುಟ್ಟಬೇಕು ಎಂಬುದು ಟೇಕ್‌ನಿಂದ ಟೇಕ್‌ಗೆ ತೀರ್ಮಾನವಾಗುತ್ತ ಹೋಗಿದೆ. ‘ಎ ವುಮನ್ ಲೆಫ್ಟ್ ಲೋನ್ಲಿ’ ಹಾಡಿಗೆ ಬೇರೆಯದೇ ಆದ ಗಾಯನವೊಂದಿದೆ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ, ಒಂದೇ ಬಂದಿಶ್ ಅನ್ನು ಒಬ್ಬರೇ ಗಾಯಕರು ಎರಡು ಸಂಜೆ ಹಾಡಿದ್ದನ್ನು ಕೇಳಿ ಅಭ್ಯಾಸವಿರುವ ನಿಮಗೆ ನಾನು ವಿವರಿಸಬೇಕಾದ್ದು ಏನೂ ಉಳಿಯುವುದಿಲ್ಲ.

ಅದೇ ಆವೃತ್ತಿಯ ಮೊದಲ ತಟ್ಟೆಯಲ್ಲಿ ಆರು ಹಾಡುಗಳ ಮೋನೊ ರೂಪಗಳಿವೆ. ಆಗ ರೇಡಿಯೊಗಳಲ್ಲಿ ನುಡಿಯುತ್ತಿದ್ದ ಸಿಂಗಲ್‌ಗಳಿಗಾಗಿ ಎಡ-ಬಲ ಎರಡು ದಾರಿಯ ಸದ್ದನ್ನು ಒಂದೇ ದಾರಿಗೆ ಇಳಿಸಿದವು. ಸಂಗ್ರಾಹಕರಿಗೆ ಇವು ಹಬ್ಬ. ನಿಮಗೆ ಬೇಕಿಲ್ಲ.

ಲೈವ್ ಹಾಡುಗಳ ಮಾತು ಬೇರೆ. 1970ರ ಜೂನ್ ಕೊನೆಯಲ್ಲಿ ‘ಫೆಸ್ಟಿವಲ್ ಎಕ್ಸ್‌ಪ್ರೆಸ್’ ಎಂಬ ಹೆಸರಿನಲ್ಲಿ ಒಂದು ರೈಲನ್ನೇ ಗೊತ್ತುಮಾಡಿಕೊಂಡು, ‘ಗ್ರೇಟ್‌ಫುಲ್ ಡೆಡ್’, ‘ದ ಬ್ಯಾಂಡ್’, ಬಡ್ಡಿ ಗೈ ಮುಂತಾದವರನ್ನು ಅದರಲ್ಲಿ ಹತ್ತಿಸಿಕೊಂಡು ಕೆನಡಾದ ಟೊರಾಂಟೊ, ವಿನಿಪೆಗ್, ಕ್ಯಾಲ್ಗರಿಗಳಲ್ಲಿ ಕಾರ್ಯಕ್ರಮ ನಡೆಸಿದರು. ಟೊರಾಂಟೊದಲ್ಲಿ ಪ್ರವೇಶ ಉಚಿತವಾಗಿರಬೇಕೆಂದು ಗಲಾಟೆಯಾಯಿತು, ವ್ಯವಸ್ಥಾಪಕರು ಕೈಸುಟ್ಟುಕೊಂಡರು. ಆದರೆ ಊರಿಂದೂರಿಗೆ ಹೋಗುವಾಗ ಬೋಗಿಗಳಲ್ಲಿ ಹಗಲೂ ರಾತ್ರಿ ನಡೆದ ಹಾಡು-ಕುಡಿತ ದಂತಕಥೆಯಾಯಿತು. ಸ್ಯಾಸ್ಕಟೂನ್ ಎಂಬಲ್ಲಿ ರೈಲು ನಿಲ್ಲಿಸಿ ಅಂಗಡಿಯೊಂದರ ಮದ್ಯವನ್ನೆಲ್ಲ ಖಾಲಿ ಮಾಡಿಕೊಂಡು ಹೊರಟ ಪ್ರಸಂಗವನ್ನು, 2003ರಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ ಪ್ರಯಾಣಿಕರೇ ನೆನೆದುಕೊಂಡು ನಗುತ್ತಾರೆ. ನಮಗೆ ಮುಖ್ಯವಾದದ್ದೆಂದರೆ, ಆ ಪ್ರವಾಸದಲ್ಲಿ ಜ್ಯಾನಿಸ್ ಜೊತೆಗಿದ್ದದ್ದು ‘ಪರ್ಲ್’ನಲ್ಲಿ ನುಡಿಸಿದ ‘ಫುಲ್ ಟಿಲ್ಟ್ ಬೂಗಿ’ ತಂಡವೇ. ಐವರಲ್ಲಿ ನಾಲ್ವರು ಕೆನಡಾದವರು. ‘ಹಾಫ್ ಮೂನ್’, ‘ಮೂವ್ ಓವರ್’, ‘ಕ್ರೈ ಬೇಬಿ’, ‘ಗೆಟ್ ಇಟ್ ವೈಲ್ ಯು ಕ್ಯಾನ್’ ನಾಲ್ಕನ್ನೂ ಸ್ಟುಡಿಯೊಗೆ ಒಯ್ಯುವ ಎರಡು ತಿಂಗಳ ಮೊದಲು ಜನರೆದುರು ಹಾಡಿ ನೋಡಿದ್ದಾರೆ. ಕ್ಯಾಲ್ಗರಿಯ ‘ಕ್ರೈ ಬೇಬಿ’ಯಲ್ಲಿ ನಡುವೆ ಹಾಡು ನಿಲ್ಲಿಸಿ, ಬಿಟ್ಟುಹೋದ ಗಂಡಸಿನ ಕಥೆಯನ್ನು ಜನರೊಂದಿಗೆ ಪಟ್ಟಾಂಗ ಹೊಡೆದ ಹಾಗೆ ಹೇಳುತ್ತ ಎಷ್ಟು ದೂರ ಹೋಗುತ್ತಾರೆಂದರೆ ಮರಳಿ ಬರುತ್ತಾರೋ ಇಲ್ಲವೋ ಎನಿಸುತ್ತದೆ. ಆಲ್ಬಂನಲ್ಲಿ ಅದೇ ಮಾತು ಕೆಲವೇ ಸಾಲುಗಳಿಗೆ ಇಳಿದಿದೆ. ರಾಥ್‌ಚೈಲ್ಡ್ ಅವರ ಶಿಸ್ತು ಏನೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಯಾವುದು ಮೇಲು? ಮನೆಯಲ್ಲಿ ಕುಳಿತು ಮತ್ತೆ ಮತ್ತೆ ಕೇಳುವುದಕ್ಕೆ ಚಿಕ್ಕದು. ಆಕೆ ಜನರೆದುರು ಹೇಗಿದ್ದರೆಂದು ತಿಳಿಯುವುದಕ್ಕೆ ಉದ್ದದ್ದು.

ರಿಯಾಜ್ ಕೇಳಲು ಯಾರೂ ದುಡ್ಡು ಕೊಡುವುದಿಲ್ಲ ಎಂಬ ನಿಮ್ಮ ಮಾತನ್ನು ಸ್ವಲ್ಪ ಎಳೆದಾಡಬೇಕಾಗಿದೆ. ದುಡ್ಡು ಕೊಡದಿರಬಹುದು, ಆದರೆ ದೊಡ್ಡ ಗಾಯಕರ ಖಾಸಗಿ ಬೈಠಕ್‌ಗಳ ಟೇಪ್‌ಗಳನ್ನು ಒಬ್ಬರಿಂದೊಬ್ಬರು ನಕಲು ಮಾಡಿಕೊಂಡು, ಯಾರಿಗೂ ತೋರಿಸದೆ ಬೀರುವಿನಲ್ಲಿ ಇಟ್ಟುಕೊಂಡ ರಸಿಕರು ನಿಮ್ಮ ಭಾಗದಲ್ಲಿ ಕಡಿಮೆಯೇ? ಕಂಪನಿ ಹೊರತಂದ ತಟ್ಟೆಗಿಂತ ಆ ಟೇಪ್‌ನಲ್ಲಿ ಬುವಾ (ಆ ಹಿರಿಯ ಗಾಯಕರು) ಹೆಚ್ಚು ಸಿಗುತ್ತಾರೆಂದು ಅವರೇ ಹೇಳುತ್ತಾರೆ. ಸತ್ತವರ ಅನುಮತಿಯಿಲ್ಲದೆ ಕೇಳುತ್ತಿದ್ದೇವೆಂಬ ಸಂಕೋಚ ಎರಡೂ ಕಡೆ ಒಂದೇ. ನನ್ನ ಮಟ್ಟಿಗೆ ಗೆರೆ ಇರುವುದು ಇಲ್ಲಿ: ಹಾಡಿದ್ದನ್ನು ಹಾಡಿದ ಹಾಗೆ, ಯಾವ ದಿನದ್ದು, ಎಷ್ಟನೆಯ ಟೇಕ್ ಎಂದು ಹೇಳಿ ಕೊಟ್ಟರೆ ಅದು ದಾಖಲೆ; ಹಳೆಯ ದನಿಯ ಕೆಳಗೆ ಹೊಸ ವಾದ್ಯಗಳನ್ನು ಹಾಸಿ ಹೊಸ ಹಾಡೆಂದು ಮಾರಿದರೆ ಅದು ಸುಳ್ಳು. ‘ಪರ್ಲ್’ನ ಮೂರು ಮರುಬಿಡುಗಡೆಗಳೂ ಆ ಗೆರೆಯನ್ನು ದಾಟಿಲ್ಲ. ದನಿಯಿಲ್ಲದ ಆ ಹಾಡಿಗೆ ಇನ್ನೊಬ್ಬರ ದನಿ ಕೂಡಿಸಿ ಯಾವ ಆವೃತ್ತಿಯೂ ಅದನ್ನು ಪೂರ್ತಿ ಮಾಡಹೊರಟಿಲ್ಲ ಎಂಬುದು ನನಗೆ ಎಲ್ಲಕ್ಕಿಂತ ಸಮಾಧಾನದ ಸಂಗತಿ.

ಆದ್ದರಿಂದ ಹೀಗೆ ಮಾಡಿ. ಹತ್ತು ಹಾಡುಗಳ ಆಲ್ಬಂ ಅನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ. ಫೋನಿನಲ್ಲಿ ಕೇಳುವುದಾದರೆ ಮಗಳಿಗೆ ಹೇಳಿ ಆ ಹತ್ತನ್ನಷ್ಟೇ ಒಂದು ಪ್ಲೇಲಿಸ್ಟ್ ಮಾಡಿಸಿ, ಹತ್ತನೆಯದು ಮುಗಿದಾಗ ಸದ್ದು ನಿಲ್ಲುವಂತೆ ನೋಡಿಕೊಳ್ಳಿ. ಇನ್ನೊಂದು ದಿನ, ಮೂಲ ಮನಸ್ಸಿನಲ್ಲಿ ಹಸಿಯಾಗಿರುವಾಗಲೇ, ಬಾಬಿ ಮೆಗೀ ಡೆಮೊ, ‘ಮೂವ್ ಓವರ್’ನ ಮೂರು ಟೇಕ್, ಕ್ಯಾಲ್ಗರಿಯ ‘ಕ್ರೈ ಬೇಬಿ’ ಇಷ್ಟನ್ನು ಕೇಳಿ. ದುಡ್ಡು ಕೊಟ್ಟು ಒಂದೇ ಒಂದನ್ನು ಕೊಳ್ಳುವುದಾದರೆ, ಗಾಯಕಿಯನ್ನು ತಿಳಿಯುವ ಆಸೆಗೆ 2005ರದು, ಗಾಯನವನ್ನು ತಿಳಿಯುವ ಆಸೆಗೆ 2012ರದು. ಧಾರವಾಡದ ಕಿವಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಕ್ಯಾಸೆಟ್ ಅನ್ನು ಎಸೆಯಬೇಡಿ. ಹಾಕುವ ಮೊದಲು, ಟೇಪ್ ಅನ್ನು ಹೆಡ್‌ಗೆ ಒತ್ತಿಹಿಡಿಯುವ ಆ ಚಿಕ್ಕ ಫೆಲ್ಟ್ ತುಂಡು ಅಂಟು ಬಿಟ್ಟು ಉದುರಿದೆಯೇ ನೋಡಿ. ಉದುರಿದ್ದರೆ ಕ್ಯಾಸೆಟ್ ರಿಪೇರಿ ಬಲ್ಲವರಿಂದ ಮತ್ತೆ ಕೂರಿಸಬಹುದು. ವರ್ಷಗಟ್ಟಲೆ ಒಂದೇ ಕಡೆ ಸುತ್ತಿಕೊಂಡು ಬಿಗಿದಿರುವ ಟೇಪ್ ಅನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ ಸಡಿಲ ಮಾಡಿಕೊಳ್ಳಿ. ಹಾಡುಗಳ ಕ್ರಮ ಎಲ್‌ಪಿಯಲ್ಲಿದ್ದಂತೆಯೇ ಇದ್ದರೆ, ‘ಎ’ ಬದಿ ಆ ದನಿಯಿಲ್ಲದ ಹಾಡಿನಿಂದ ಮುಗಿದು ಗುಂಡಿ ಟಕ್ಕೆಂದು ಮೇಲೇಳುತ್ತದೆ. ತಿರುವಿ ಹಾಕಲು ಅವಸರ ಮಾಡಬೇಡಿ.